ಮರುಭೂಮಿಯಲ್ಲಿ ಡಯಾಲಿಸಿಸ್: ಆಸ್ಟ್ರೇಲಿಯಾದ ಪರ್ಪಲ್ ಹೌಸ್ ಸೇವೆ ಹೇಗಿದೆ?

ಆಸ್ಟ್ರೇಲಿಯಾದ ನಡುಮಧ್ಯದಲ್ಲಿರುವ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 530 ಕಿಲೋಮೀಟರ್ ಹೋದರೆ ಕಿಂಟೋರ್ ಸಿಗುತ್ತದೆ. ಬಹುಪಾಲು ಮಣ್ಣಿನ ದಾರಿ, ಜೋರು ಮಳೆ ಬಂದರೆ ಬಂದ್. ಪಿಂಟುಪಿ ಎಂಬ ಮೂಲನಿವಾಸಿ ಜನರ ಊರು ಇದು. ಅವರ ಬಾಯಲ್ಲಿ ವಾಲುಂಗುರು. ಇಂಥ ಕಡೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಅಂದರೆ ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಸೋಸುವ ಕೆಲಸ, ನಡೆಯುತ್ತದೆ ಎಂದರೆ ಕಿಡ್ನಿ ವಿಭಾಗದಲ್ಲಿ ಕೆಲಸ ಮಾಡಿದವರು ತಟ್ಟನೆ ನಂಬುವುದಿಲ್ಲ. ನೀರು ಎಲ್ಲಿಂದ ತರುತ್ತಾರೆ? ಕರೆಂಟು ಹೋದರೆ ಏನು ಗತಿ? ಡಾಕ್ಟರ್ ಎಲ್ಲಿದ್ದಾರೆ? ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಈ ಸೇವೆಯನ್ನು ಅಳೆಯಬೇಕಾದ್ದೂ ಅವುಗಳಿಂದಲೇ. ಆದರೆ ಅವುಗಳ ಜೊತೆ ಇನ್ನೊಂದು ಪ್ರಶ್ನೆಯನ್ನೂ ಇಟ್ಟುಕೊಳ್ಳಬೇಕು: ಯಂತ್ರಕ್ಕೆ ಅಂಟಿಕೊಂಡು ಬದುಕುವ ಮನುಷ್ಯ ತನ್ನ ಮಂದಿಯ ನಡುವೆ ಇದ್ದಾನೋ, ಇಲ್ಲವೋ?

ಸೇವೆ ಕೊಡುವ ಸಂಸ್ಥೆಯ ಪೂರ್ತಿ ಹೆಸರು ವೆಸ್ಟರ್ನ್ ಡೆಸರ್ಟ್ ಙನಂಪ ವಾಲಿಟ್ಜ ಪಲ್ಯಂಟ್ಜಾಕು ಟ್ಜುಟಾಕು. ಪಿಂಟುಪಿ-ಲುರಿಟ್ಜ ಭಾಷೆಯ ಈ ಮಾತಿಗೆ 'ನಮ್ಮ ಎಲ್ಲ ಮನೆಮಂದಿಯನ್ನು ಗುಣಪಡಿಸುವುದು' ಎಂದು ಅರ್ಥ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿರುವ ಇದರ ಕಚೇರಿ ಒಂದು ನೇರಳೆ ಬಣ್ಣದ ಮನೆ. ಹಾಗಾಗಿ ಎಲ್ಲರಿಗೂ ಇದು ಪರ್ಪಲ್ ಹೌಸ್. ಆಡಳಿತ ಮಂಡಳಿಯಲ್ಲಿ ಕೂರುವವರು ಅಬಾರಿಜಿನಲ್, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿ, ಜನರೇ.

ಇದು ಹುಟ್ಟಿದ ಬಗೆಯನ್ನು ತಿಳಿಯದೆ ಸೇವೆಯ ಬೆಲೆ ಗೊತ್ತಾಗುವುದಿಲ್ಲ. ಸರ್ಕಾರದ ವಸತಿಗಳಿಗೆ ಒಕ್ಕಲೆದ್ದು ಹೋಗಿದ್ದ ಪಿಂಟುಪಿ ಜನ 1981ರ ಹೊತ್ತಿಗೆ ಹೋರಾಡಿ ತಮ್ಮ ನೆಲಕ್ಕೆ ಮರಳಿ ಕಿಂಟೋರ್ ಕಟ್ಟಿಕೊಂಡರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಕಿಡ್ನಿ ರೋಗ ಅವರನ್ನು ಮತ್ತೆ ಎಬ್ಬಿಸಿತು. ಕಿಡ್ನಿ ಕೈಕೊಟ್ಟವರೆಲ್ಲ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ಸಾಯುವ ತನಕ ಅಲ್ಲೇ ಇರಬೇಕಿತ್ತು. ಹೋದವರು ಯಾರೆಂದು ನೋಡಿ: ಹಾಡು ಬಲ್ಲವರು, ನೆಲದ ಕಥೆ ಬಲ್ಲವರು, ಚಿತ್ರ ಬರೆಯುವವರು, ಮೊಮ್ಮಕ್ಕಳಿಗೆ ಭಾಷೆ ಕಲಿಸಬೇಕಾದವರು. ದೂರದೂರಿಗೆ ಡಯಾಲಿಸಿಸ್ ಆಗದು, ದುಬಾರಿ, ಅಪಾಯ ಎಂಬುದು ಅಂದು ಸಿಗುತ್ತಿದ್ದ ಉತ್ತರ. ಆಗ ಕಿಂಟೋರ್ ಮತ್ತು ಕಿವಿರ್‌ಕುರಾ ಊರುಗಳ ಕಲಾವಿದರು ಪಪುನ್ಯ ಟುಲ ಕಲಾವಿದರ ಸಂಸ್ಥೆಯ ಮೂಲಕ ದೊಡ್ಡ ಚಿತ್ರಗಳನ್ನು ಒಟ್ಟಾಗಿ ಬರೆದರು. 2000ನೇ ಇಸವಿಯ ನವೆಂಬರ್‌ನಲ್ಲಿ ಸಿಡ್ನಿಯ ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್‌ನಲ್ಲಿ ಹರಾಜು ನಡೆಯಿತು. 10 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಹಣ ಬಂತು. 2004ರಲ್ಲಿ ಕಿಂಟೋರ್‌ನಲ್ಲಿ ಯಂತ್ರ ತಿರುಗಿತು. ಕಾಯಿಲೆಯ ಜನ ತಾವೇ ಚಿತ್ರ ಬರೆದು ಮಾರಿ ತಮ್ಮ ಯಂತ್ರ ಕೊಂಡರು ಎಂಬುದು ಹೆಮ್ಮೆಯ ಸಂಗತಿ. ಶ್ರೀಮಂತ ದೇಶವೊಂದರಲ್ಲಿ ಅವರು ಹಾಗೆ ಮಾಡಬೇಕಾಯಿತು ಎಂಬುದು ನಾಚಿಕೆಯ ಸಂಗತಿಯೂ ಹೌದು.

ಇಂದು ಈ ಸೇವೆ ಇಪ್ಪತ್ತರ ಆಸುಪಾಸಿನ ದೂರದ ಊರುಗಳಲ್ಲಿದೆ. ಯುಎಂಡುಮು, ನ್ಟಾರಿಯಾ, ಲಜಮಾನು, ಪಪುನ್ಯ, ಪಶ್ಚಿಮ ಆಸ್ಟ್ರೇಲಿಯಾದ ಗಡಿಯಾಚೆಯ ಕಿವಿರ್‌ಕುರಾ ಮತ್ತು ವಾರ್ಬರ್ಟನ್ ಅವುಗಳಲ್ಲಿ ಕೆಲವು.

ಮೊದಲು ವೈದ್ಯಕೀಯ ಭಾಗ. ದೂರದ ಊರಿನ ಕೋಣೆಯಲ್ಲಿ ನಡೆಯುವುದು ಪಟ್ಟಣದ ಆಸ್ಪತ್ರೆಯಲ್ಲಿ ನಡೆಯುವ ಹಿಮೋಡಯಾಲಿಸಿಸ್ಸೇ. ಕಡಿಮೆ ದರ್ಜೆಯದು ಎಂದು ಭಾವಿಸಬೇಕಾಗಿಲ್ಲ. ವಾರಕ್ಕೆ ಮೂರು ಸರದಿ, ಒಂದೊಂದೂ ನಾಲ್ಕರಿಂದ ಐದು ಗಂಟೆ. ಬಂದವರ ತೂಕ ನೋಡಿ, ಡ್ರೈ ವೇಟ್‌ಗಿಂತ (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ) ಎಷ್ಟು ಹೆಚ್ಚಿದೆಯೋ ಅಷ್ಟು ನೀರು ತೆಗೆಯಬೇಕು. ಇಲ್ಲಿ ಒಂದು ಲೆಕ್ಕ ಮುಖ್ಯ. ಗಂಟೆಗೆ, ದೇಹತೂಕದ ಕಿಲೋ ಒಂದಕ್ಕೆ 13 ಮಿಲಿಲೀಟರ್‌ಗಿಂತ ವೇಗವಾಗಿ ನೀರೆಳೆದರೆ ಬಿಪಿ ಕುಸಿಯುತ್ತದೆ, ಕಾಲು ಸೆಳೆಯುತ್ತದೆ, ಹೃದಯಕ್ಕೂ ಪೆಟ್ಟು. 70 ಕಿಲೋ ತೂಕದವರಿಗೆ ನಾಲ್ಕು ಗಂಟೆಯಲ್ಲಿ ಹೆಚ್ಚೆಂದರೆ 3.6 ಲೀಟರ್, ಐದು ಗಂಟೆ ಕೂತರೆ 4.5 ಲೀಟರ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ದಿನಕ್ಕೆ ಅರ್ಧ ಲೀಟರ್, ಜೊತೆಗೆ ಮೂತ್ರ ಹೋದಷ್ಟು ಮಾತ್ರ ಕುಡಿಯಿರಿ ಎಂದು ಹೇಳುವುದು ಸುಲಭ, ಪಾಲಿಸುವುದು ಬಹಳ ಕಷ್ಟ. ಹಾಗಾಗಿ ಐದನೇ ಗಂಟೆಗೆ ಇಲ್ಲಿ ತುಂಬ ಬೆಲೆಯಿದೆ. ಗಿಜಿಗುಡುವ ಪಟ್ಟಣದ ಘಟಕಗಳಲ್ಲಿ ಮುಂದಿನ ಸರದಿಯವರು ಬಾಗಿಲಲ್ಲಿ ನಿಂತಿರುತ್ತಾರೆ, ಅಲ್ಲಿ ಮೊದಲು ಕತ್ತರಿ ಬೀಳುವುದು ಈ ಐದನೇ ಗಂಟೆಗೇ.

ಸೂಜಿ ಚುಚ್ಚುವ ಗಳಿಗೆಯನ್ನು ಹತ್ತಿರದಿಂದ ನೋಡಿದರೆ ಸೇವೆಯ ಗುಣ ತಿಳಿಯುತ್ತದೆ. ಡಯಾಲಿಸಿಸ್‌ಗೆಂದು ತೋಳಿನಲ್ಲಿ ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿ ಮಾಡಿದ ಫಿಸ್ಟುಲಾ ಮೇಲೆ ಮೂರು ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದಂತೆ ಒಂದು ಕಂಪನ ತಾಗಬೇಕು. ಕಂಪನ ಬರೀ ಬಡಿತವಾಗಿದ್ದರೆ ಮುಂದೆಲ್ಲೋ ರಕ್ತನಾಳ ಕಿರಿದಾಗಿದೆ ಎಂದು ಅನುಮಾನಿಸಬೇಕು. ಏನೂ ತಾಗದಿದ್ದರೆ ಫಿಸ್ಟುಲಾ ಮುಚ್ಚಿದೆ. ಆ ದಿನವೇ ಪಟ್ಟಣದ ಆಸ್ಪತ್ರೆಗೆ ವಿಮಾನ ಹತ್ತಿಸಬೇಕು, ನಾಳೆಗೆ ಬಿಡುವಂತಿಲ್ಲ. ಕಂಪನ ಸರಿಯಿದ್ದರೆ ಸೋಪು ನೀರಿನಲ್ಲಿ ತೋಳು ತೊಳೆಸಿ, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಹಚ್ಚಿ, ಅದು ತಾನಾಗಿ ಒಣಗುವ ತನಕ ಕಾಯಬೇಕು. ಒಣಗುವ ಮೊದಲೇ ಚುಚ್ಚಿದರೆ ಹಚ್ಚಿದ್ದೇ ದಂಡ. ಎರಡು ಸೂಜಿ: ರಕ್ತ ಹೊರಗೆಳೆಯಲು ಒಂದು, ಹಿಂದಿರುಗಿಸಲು ಒಂದು. ಪ್ರತಿ ಸಲ ಅದೇ ಜಾಗಕ್ಕೆ ಚುಚ್ಚುತ್ತಾ ಹೋದರೆ ಅಲ್ಲಿ ರಕ್ತನಾಳದ ಗೋಡೆ ತೆಳುವಾಗಿ ಗುಳ್ಳೆಯಂತೆ ಉಬ್ಬುತ್ತದೆ; ಜಾಗ ಬದಲಿಸುತ್ತಾ ಮೇಲೇರಬೇಕು. ರೋಗಿಯ ಕೈ ಗೊತ್ತಿರುವ ನರ್ಸ್ ಒಬ್ಬರೇ ತಿಂಗಳುಗಟ್ಟಲೆ ಚುಚ್ಚಿದರೆ ಫಿಸ್ಟುಲಾ ಬಾಳುತ್ತದೆ. ಸಣ್ಣ ಊರಿನ ಕೋಣೆಗೆ ಇರುವ ದೊಡ್ಡ ಲಾಭ ಇದು. ಆರು ವಾರಕ್ಕೊಬ್ಬರು ಬದಲಾಗುತ್ತಾ ಹೋದರೆ ಆ ಲಾಭ ಪೂರ್ತಿ ನಷ್ಟವಾಗುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಇನ್ನು ನೀರು. ಮರುಭೂಮಿಯ ಡಯಾಲಿಸಿಸ್ ಎಂದರೆ ಮುಕ್ಕಾಲು ಪಾಲು ನೀರಿನ ಕೆಲಸ. ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ಐದು ಗಂಟೆಗೆ 150 ಲೀಟರ್ ಡಯಾಲಿಸಿಸ್ ದ್ರಾವಣ ಬೇಕು. ತೆಳು ಪೊರೆಯ ಮೂಲಕ ನೀರು ಸೋಸುವ ಆರ್‌ಓ ಘಟಕ ಅರ್ಧ ನೀರನ್ನು ಶುದ್ಧ ಮಾಡಿ ಅರ್ಧ ಹೊರಚೆಲ್ಲುತ್ತದೆ ಎಂದು ಹಿಡಿದರೆ ಒಬ್ಬರ ಒಂದು ಸರದಿಗೆ 300 ಲೀಟರ್ ಬೋರ್‌ವೆಲ್ ನೀರು. ಅಂತರ್ಜಲ ಗಡಸು, ಕ್ಯಾಲ್ಸಿಯಂ ಮತ್ತು ಸಿಲಿಕಾ ಆರ್‌ಓ ಪೊರೆಯ ಮೇಲೆ ಕಲ್ಲುಕಟ್ಟಿ ಅದನ್ನು ಹಾಳು ಮಾಡುತ್ತವೆ. ಆದ್ದರಿಂದ ಮೊದಲು ಕೆಸರು ಹಿಡಿಯುವ ಫಿಲ್ಟರ್, ಆಮೇಲೆ ನೀರಿನ ಗಡಸು ತೆಗೆಯುವ, ಉಪ್ಪಿನಿಂದ ನಡೆಯುವ ಸಾಫ್ಟ್‌ನರ್, ಆಮೇಲೆ ಇದ್ದಿಲಿನ ಟ್ಯಾಂಕ್, ಕೊನೆಗೆ ಆರ್‌ಓ. ಸಾಫ್ಟ್‌ನರ್‌ಗೆ ಉಪ್ಪು ಸುರಿಯಲು ಮರೆತರೆ ಕೆಲವೇ ವಾರದಲ್ಲಿ ಪೊರೆ ಕಟ್ಟುತ್ತದೆ. ಸಣ್ಣ ಮರೆವು, ದುಬಾರಿ ಫಲ.

ಎಲ್ಲಕ್ಕಿಂತ ಗಂಭೀರವಾದದ್ದು ಕ್ಲೋರಿನ್. ಕುಡಿಯುವ ನೀರನ್ನು ಕಾಯಲು ಹಾಕುವ ಕ್ಲೋರಿನ್ ಅಥವಾ ಕ್ಲೋರಮೈನ್ ಇದ್ದಿಲು ದಾಟಿ ಬಂದು ರಕ್ತಕ್ಕೆ ತಾಗಿದರೆ ಕೆಂಪುಕಣಗಳು ಒಡೆಯುತ್ತವೆ. ಆರ್‌ಓ ಇದೆಯಲ್ಲ, ಅದೇ ತಡೆಯುತ್ತದೆ ಎಂದು ನೆಚ್ಚುವಂತಿಲ್ಲ. ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಪ್ರತಿ ಸರದಿಗೆ ಮುಂಚೆ, ಇದ್ದಿಲಿನ ಟ್ಯಾಂಕ್ ದಾಟಿದ ಜಾಗದಿಂದ ನೀರು ಹಿಡಿದು ಪರೀಕ್ಷಿಸಬೇಕು. ಊರಿನ ನೀರು ನೋಡಿಕೊಳ್ಳುವವರು ಒಂದು ದಿನ ಕ್ಲೋರಿನ್ ಹೆಚ್ಚು ಹಾಕಿ ಡಯಾಲಿಸಿಸ್ ಕೋಣೆಗೆ ಹೇಳದಿದ್ದರೆ ಏನಾದೀತು ಎಂಬುದನ್ನು ಯೋಚಿಸಿದರೆ, ಆ ಇಬ್ಬರ ನಡುವಿನ ಫೋನ್ ಕರೆಯೂ ಚಿಕಿತ್ಸೆಯ ಭಾಗವೇ ಎಂದು ತಿಳಿಯುತ್ತದೆ. ಕೆಲವು ಬೋರ್‌ಗಳಲ್ಲಿ ನೈಟ್ರೇಟ್ ಕೂಡ ಹೆಚ್ಚು. ಕುಡಿಯಲು ನಡೆಯುವ ಮಟ್ಟ ಡಯಾಲಿಸಿಸ್‌ಗೆ ನಡೆಯುವುದಿಲ್ಲ, ಏಕೆಂದರೆ ವಾರಕ್ಕೆ 450 ಲೀಟರ್ ನೀರು ಒಂದು ತೆಳು ಪೊರೆಯಾಚೆ ರಕ್ತದ ಪಕ್ಕದಲ್ಲೇ ಹರಿಯುತ್ತದೆ.

ಕರೆಂಟು ಹೋದರೆ? ಯಂತ್ರದ ಬ್ಯಾಟರಿ ಸ್ವಲ್ಪ ಹೊತ್ತು ರಕ್ತದ ಪಂಪನ್ನು ಓಡಿಸುತ್ತದೆ. ಅದೂ ಮುಗಿದರೆ ಪಂಪಿಗೆ ಕೈಹಿಡಿ ಹಾಕಿ ತಿರುಗಿಸಿ, ಹೊರಗಿರುವ ರಕ್ತವನ್ನು ದೇಹಕ್ಕೆ ಮರಳಿಸಬೇಕು. ರಕ್ತ ನಿಂತಲ್ಲೇ ಹೆಪ್ಪುಗಟ್ಟಿದರೆ ಕಾಲು ಲೀಟರಿನಷ್ಟು ರಕ್ತ ವ್ಯರ್ಥ. ಕಿಡ್ನಿ ಹೋದವರಲ್ಲಿ ಮೊದಲೇ ರಕ್ತಹೀನತೆ, ಆ ಕಾಲು ಲೀಟರ್ ಸಣ್ಣದಲ್ಲ.

ಸಾಮಾನಿನ ಲೆಕ್ಕವನ್ನೂ ನೋಡೋಣ. ಎರಡು ಕುರ್ಚಿಯ ಕೋಣೆ, ಒಂದೊಂದು ಕುರ್ಚಿಯಲ್ಲಿ ದಿನಕ್ಕೆ ಎರಡು ಸರದಿ, ಸೋಮ-ಬುಧ-ಶುಕ್ರ ಒಂದು ಗುಂಪು, ಮಂಗಳ-ಗುರು-ಶನಿ ಇನ್ನೊಂದು. ಒಟ್ಟು ಎಂಟು ಜನ, ವಾರಕ್ಕೆ 24 ಸರದಿ. ಒಂದೊಂದಕ್ಕೂ ಒಂದು ಡಯಲೈಸರ್ (ರಕ್ತ ಸೋಸುವ ಫಿಲ್ಟರ್), ರಕ್ತ ಹರಿಯುವ ನಳಿಕೆಗಳ ಒಂದು ಸೆಟ್, ಎರಡು ಸೂಜಿ, ಸಲೈನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಬೈಕಾರ್ಬನೇಟ್ ಮತ್ತು ಡಯಾಲಿಸಿಸ್ ದ್ರಾವಣಕ್ಕೆ ಬೆರೆಸುವ ಸುಮಾರು 5 ಲೀಟರ್ ಸಾಂದ್ರ ಆಸಿಡ್ ದ್ರಾವಣ. ದಾರಿ ಎರಡು ವಾರ ಮುಚ್ಚಿದರೂ ನಡೆಯಬೇಕೆಂದರೆ 48 ಡಯಲೈಸರ್ ಮತ್ತು 240 ಲೀಟರ್ ಆಸಿಡ್ ದ್ರಾವಣ ತಂಪಾದ ಕೋಣೆಯಲ್ಲಿ ಸದಾ ಇರಲೇಬೇಕು. ಹಾಗಾದರೆ ಮನೆಯಲ್ಲೇ ಹೊಟ್ಟೆಯೊಳಗೆ ದ್ರಾವಣ ತುಂಬಿ ತೆಗೆಯುವ ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳಬಾರದೇ, ಯಂತ್ರದ ಗೋಳೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಕೆಲವರಿಗೆ ಅದು ಸರಿಹೊಂದುತ್ತದೆ. ಆದರೆ ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರ್ ಬದಲಿಸಲು ತಿಂಗಳಿಗೆ 240 ಲೀಟರ್ ದ್ರಾವಣದ ಪೆಟ್ಟಿಗೆಗಳು ಬೇಕು, ಧೂಳಿಲ್ಲದ ಮೂಲೆ ಬೇಕು, ಕೈತೊಳೆಯಲು ನಂಬಬಹುದಾದ ನಲ್ಲಿ ಬೇಕು. ಹತ್ತು ಹನ್ನೆರಡು ಜನ ಇರುವ ಮನೆಯಲ್ಲಿ ಇವೆಲ್ಲ ಇಲ್ಲದಿದ್ದಾಗ ಹೊಟ್ಟೆಯೊಳಗೆ ಸೋಂಕಾಗುತ್ತದೆ.

ಎಂಟು ಜನ ಎಂಬ ಆ ಸಂಖ್ಯೆಯೇ ಸೇವೆಯ ಅತ್ಯಂತ ನೋವಿನ ಮಿತಿ. ಒಂಬತ್ತನೆಯವರು ಪಟ್ಟಣದಲ್ಲೇ ಉಳಿಯಬೇಕು, ಅಥವಾ ಒಬ್ಬರು ಕೆಲವು ವಾರ ಪಟ್ಟಣಕ್ಕೆ ಹೋಗಿ ಇನ್ನೊಬ್ಬರಿಗೆ ಜಾಗ ಬಿಡಬೇಕು. ಹೀಗೆ ಸರದಿಯ ಮೇಲೆ ಊರಿಗೆ ಹೋಗಿಬರುವ ಪದ್ಧತಿ ಬೆಳೆದಿದೆ. ಕುರ್ಚಿ ಹೆಚ್ಚಿಸಿದರೆ ಆಯಿತಲ್ಲ ಎನ್ನುವಂತಿಲ್ಲ. ಕುರ್ಚಿಗೆ ನರ್ಸ್ ಬೇಕು, ನರ್ಸ್‌ಗೆ ಮನೆ ಬೇಕು, ದೂರದ ಊರುಗಳಲ್ಲಿ ಬಾಡಿಗೆ ಮನೆ ಎಂಬುದೇ ಇಲ್ಲ. ಒಬ್ಬರು ರಜೆ ಹಾಕಿ ಬದಲಿ ಸಿಗದಿದ್ದರೆ ಬಾಗಿಲು ಮುಚ್ಚಿ ಎಲ್ಲರನ್ನೂ ಪಟ್ಟಣಕ್ಕೆ ಕರೆದೊಯ್ಯಬೇಕಾದ ಪ್ರಸಂಗ ಇಂಥ ಸೇವೆಗಳಿಗೆ ತಪ್ಪಿದ್ದಲ್ಲ. ಯಂತ್ರ ಕೊಡಿಸಲು ಮುಂದೆ ಬರುವವರು ಬಹಳ, ನರ್ಸ್‌ಗೆ ಎರಡು ಕೋಣೆಯ ಮನೆ ಕಟ್ಟಿಸಲು ಮುಂದೆ ಬರುವವರು ಕಡಿಮೆ. ದಾನ ಕೊಡುವ ಮನಸ್ಸಿರುವವರು ಗಮನಿಸಲಿ.

ಯಾರಿಗೆ ಊರಿನ ಕುರ್ಚಿ ಸಿಗುತ್ತದೆ? ಹತ್ತಿರದಲ್ಲಿ ಐಸಿಯು ಇಲ್ಲ; ತುರ್ತಾದರೆ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸೇವೆಯ ವಿಮಾನ ಬರಬೇಕು, ಗಂಟೆಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ಡಯಾಲಿಸಿಸ್ ನಡುವೆ ಪದೇಪದೇ ಬಿಪಿ ಬೀಳುವವರು, ಈಚೆಗೆ ಹೃದಯದ ತೊಂದರೆ ಆದವರು, ಡಯಾಲಿಸಿಸ್‌ಗೆಂದು ಕುತ್ತಿಗೆಯಲ್ಲಿ ಹಾಕಿದ ನಳಿಕೆಯಲ್ಲಿ (ಕ್ಯಾಥೆಟರ್) ಸೋಂಕು ಇರುವವರು ಮೊದಲು ಪಟ್ಟಣದಲ್ಲಿ ಸ್ಥಿರವಾಗಬೇಕು. ಕಿಡ್ನಿ ತಜ್ಞರ ಒಪ್ಪಿಗೆ ಬೇಕು. ಈ ಎಚ್ಚರಿಕೆ ಸರಿಯಾದದ್ದೇ. ಇಲ್ಲಿ ತೂಗಿ ನೋಡಬೇಕಾದ ಇನ್ನೊಂದು ಅಪಾಯವೂ ಇದೆ. ಪಟ್ಟಣದಲ್ಲಿ ಒಂಟಿಯಾದವರು ಊರಿನ ನೆನಪಾಗಿ, ಅಥವಾ ನೆಂಟರೊಬ್ಬರ ಸಾವಿಗೆಂದು, ಹೇಳದೆ ಕೇಳದೆ ಹೊರಟುಬಿಡುತ್ತಾರೆ. ಎರಡು ಮೂರು ಸರದಿ ತಪ್ಪುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಶ್ವಾಸಕೋಶಕ್ಕೆ ನೀರು ತುಂಬುತ್ತದೆ, ಹೃದಯ ನಿಲ್ಲಬಹುದು. ಇಂಥವರ ಫೈಲಿನಲ್ಲಿ 'ಚಿಕಿತ್ಸೆಗೆ ಸಹಕರಿಸುವುದಿಲ್ಲ' ಎಂದು ಬರೆದು ಮುಗಿಸುವ ರೂಢಿ ಆಸ್ಪತ್ರೆಗಳಲ್ಲಿತ್ತು, ಪೂರ್ತಿ ಹೋಗಿಯೂ ಇಲ್ಲ. ಅದೇ ಮನುಷ್ಯನಿಗೆ ಸಾವಿನ ಮನೆಯ ಪಕ್ಕದಲ್ಲೇ ಕುರ್ಚಿ ಕೊಟ್ಟರೆ ಆತ ವಾರಕ್ಕೆ ಮೂರು ಸಲ ತಾನಾಗಿ ಬಂದು ಕೂರುತ್ತಾನೆ. ಸಹಕರಿಸದೇ ಇದ್ದದ್ದು ರೋಗಿಯೋ, ವ್ಯವಸ್ಥೆಯೋ?

ಸಾಂಸ್ಕೃತಿಕ ಸುರಕ್ಷತೆ ಎಂಬ ಮಾತಿಗೆ ಇಲ್ಲಿ ಅರ್ಥ ಬರುತ್ತದೆ. ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಪೇಟಿ ರಾಮ್ಸ್‌ಡೆನ್ ರೂಪಿಸಿದ ಈ ವಿಚಾರದ ತಿರುಳು ಸರಳ: ಆರೈಕೆ ಸುರಕ್ಷಿತವಾಗಿತ್ತೋ ಇಲ್ಲವೋ ಎಂದು ಹೇಳಬೇಕಾದವರು ಅದನ್ನು ಪಡೆದವರು, ಕೊಟ್ಟವರಲ್ಲ. ಆಸ್ಟ್ರೇಲಿಯಾದಲ್ಲಿ ಡಾಕ್ಟರ್, ನರ್ಸ್‌ಗಳನ್ನು ನೋಂದಾಯಿಸುವ ಆಪ್ರಾ ಸಂಸ್ಥೆಯೂ ಇದೇ ಅರ್ಥವನ್ನು ಒಪ್ಪಿಕೊಂಡಿದೆ. ಗೋಡೆಗೆ ಮೂಲನಿವಾಸಿಗಳ ಚುಕ್ಕೆಚಿತ್ರ ತೂಗುಹಾಕಿ ಅರ್ಧ ದಿನದ ತರಬೇತಿ ಮುಗಿಸಿದರೆ ಇದು ಬರುವುದಿಲ್ಲ. ಕೋಣೆಯ ದಿನದ ಕೆಲಸದಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ ಕೆಲವು ಉದಾಹರಣೆ ಕೊಡಬೇಕು.

ಮರುಭೂಮಿಯ ಸಮುದಾಯಗಳಲ್ಲಿ ಅತ್ತೆ ಮತ್ತು ಅಳಿಯ ಒಬ್ಬರನ್ನೊಬ್ಬರು ನೋಡಬಾರದು, ಒಂದೇ ಕೋಣೆಯಲ್ಲಿ ಕೂರಬಾರದು. ಎರಡೇ ಕುರ್ಚಿಯ ಕೋಣೆಯಲ್ಲಿ ಇಬ್ಬರಿಗೂ ಒಂದೇ ಸರದಿ ಬರೆದರೆ ಒಬ್ಬರು ಬರುವುದಿಲ್ಲ. ಕಾರಣ ಕೇಳಿದರೆ ಹೇಳುವುದೂ ಇಲ್ಲ, ಹೇಳಿಕೊಳ್ಳುವುದೇ ಲಜ್ಜೆಯ ವಿಷಯ. ಹೀಗಾಗಿ ಸರದಿಯ ಪಟ್ಟಿ ಬರೆಯುವಾಗ ಪಕ್ಕದಲ್ಲಿ ಊರಿನ ಸಂಬಂಧಗಳನ್ನೆಲ್ಲ ಬಲ್ಲ ಸ್ಥಳೀಯ ಕೆಲಸಗಾರರು ಇರಬೇಕು. ತೂಕ, ಪೊಟ್ಯಾಸಿಯಂ ಎರಡನ್ನೂ ನೋಡಿ ಸರದಿ ಹಾಕುವ ಕಂಪ್ಯೂಟರ್‌ಗೆ ಇದು ಗೊತ್ತಿಲ್ಲ.

ಹೆಸರಿನ ವಿಷಯ ಇನ್ನೂ ಸೂಕ್ಷ್ಮ. ಸತ್ತವರ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಅದೇ ಹೆಸರಿನ ಬದುಕಿರುವವರನ್ನೂ ಆಮೇಲೆ ಕುಮಂಜಾಯಿ ಎಂಬ ಬದಲಿ ಹೆಸರಿನಿಂದ ಕರೆಯುತ್ತಾರೆ. ಈಗ ಔಷಧಿ ಕೊಡುವ ಮುನ್ನ 'ನಿಮ್ಮ ಹೆಸರು ಹೇಳಿ' ಎಂದು ಕೇಳುವ ನಿಯಮವನ್ನು ನೆನೆಸಿಕೊಳ್ಳಿ. ರೋಗಿ ತನ್ನ ಹೆಸರನ್ನೇ ಹೇಳಲಾರ. ಒಂದೇ ಕೋಣೆಯಲ್ಲಿ ಇಬ್ಬರು ಕುಮಂಜಾಯಿ ಇದ್ದರೆ ಹೆಪಾರಿನ್ ಪ್ರಮಾಣ ಅದಲುಬದಲಾಗುವ ಅಪಾಯ ನಿಜವಾದದ್ದು. ಫೋಟೊ, ಹುಟ್ಟಿದ ದಿನ, ಆಸ್ಪತ್ರೆಯ ಸಂಖ್ಯೆ ಈ ಮೂರನ್ನು ನೋಡಿ ಗುರುತು ಹಿಡಿಯುವುದು ಸರಿಯಾದ ದಾರಿ. ಗೋಡೆಯ ಬಿಳಿಹಲಗೆಯಲ್ಲಿದ್ದ ಹೆಸರನ್ನು ಸಾವಿನ ಸುದ್ದಿ ಬಂದ ಕೂಡಲೇ ಅಳಿಸಬೇಕು. ಕುರ್ಚಿಯಲ್ಲೇ ಒಬ್ಬರು ತೀರಿಕೊಂಡರೆ, ಮನೆಯವರು ಬಂದು ಎಲೆಗಳ ಹೊಗೆ ಹಾಕಿ ಕೋಣೆಯನ್ನು ಶುದ್ಧ ಮಾಡುವ ತನಕ ಉಳಿದವರು ಒಳಗೆ ಕಾಲಿಡುವುದಿಲ್ಲ. ಹೊಗೆ ಎಂದರೆ ಫೈರ್ ಅಲಾರಂ, ಆಮ್ಲಜನಕದ ಸಿಲಿಂಡರ್. ಸಿಲಿಂಡರನ್ನು ಹೊರಗಿಟ್ಟು, ಅಲಾರಂಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳುವುದು ತಿಳಿದವರ ಕೆಲಸ. ಆ ದಿನ ಬರಬೇಕಿದ್ದವರ ಸರದಿ ಎಲ್ಲಿ ಮಾಡಿಸಬೇಕು ಎಂಬ ಯೋಜನೆ ಸಾವಿಗೆ ಮುಂಚೆಯೇ ಇರಬೇಕು.

ಭಾಷೆಯದು ಮತ್ತೊಂದು. ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ 'ಹೂಂ' ಎಂದು ತಲೆಯಾಡಿಸಿದ್ದು ಒಪ್ಪಿಗೆಯಲ್ಲ. ಬಹಳ ಸಲ ಅದು ಎದುರಿನವರ ಮನಸ್ಸು ನೋಯಿಸದ ಮರ್ಯಾದೆ. ನೀರು ಕಡಿಮೆ ಕುಡಿಯುತ್ತೀರಾ ಎಂದು ಕೇಳಿ ಹೂಂ ಅನಿಸಿಕೊಂಡರೆ ಏನೂ ಗೊತ್ತಾಗಲಿಲ್ಲ ಎಂದೇ ಅರ್ಥ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಏನೇನು ಕುಡಿದಿರಿ ಎಂದು ಕೇಳಿ, ಸುಮ್ಮನೆ ಕಾಯಬೇಕು. ಆ ಮೌನವನ್ನು ತುಂಬಲು ಹೋಗಬಾರದು. ಡಯಾಲಿಸಿಸ್ ನಿಲ್ಲಿಸುವಂಥ ದೊಡ್ಡ ತೀರ್ಮಾನಗಳನ್ನು ರೋಗಿಯೊಬ್ಬರೇ ಮಾಡುವುದಿಲ್ಲ. ಯಾರು ಯಾರು ಕೂರಬೇಕು ಎಂಬುದನ್ನು ಮನೆಯವರಿಂದಲೇ ಕೇಳಿ, ಪಿಂಟುಪಿಯೋ ವಾರ್ಲ್‌ಪಿರಿಯೋ ಬಲ್ಲ ದುಭಾಷಿಯನ್ನು ಕರೆಸಬೇಕು. ಙಂಕರಿ ಎಂದು ಕರೆಯುವ ಸಾಂಪ್ರದಾಯಿಕ ವೈದ್ಯರು ಬಂದು ಮುಟ್ಟಿ ನೋಡುವುದಕ್ಕೂ ಯಂತ್ರಕ್ಕೂ ಜಗಳವಿಲ್ಲ. ಫಿಸ್ಟುಲಾ ಕೈಯನ್ನು ಅದುಮಬೇಡಿ ಎಂಬುದೊಂದನ್ನು ಹೇಳಿದರೆ ಸಾಕು.

ಆಲಿಸ್ ಸ್ಪ್ರಿಂಗ್ಸ್‌ನ ನೇರಳೆ ಮನೆ ಬರೀ ಕಚೇರಿಯಲ್ಲ. ಡಯಾಲಿಸಿಸ್ ಜೊತೆಗೆ ಡಾಕ್ಟರ್ ನೋಡುತ್ತಾರೆ, ಮನೆ, ಪಿಂಚಣಿ, ಬ್ಯಾಂಕ್ ಕಾಗದಗಳಿಗೆ ನೆರವು ಸಿಗುತ್ತದೆ, ಅಂಗಳದಲ್ಲಿ ಬೆಂಕಿಯ ಮೇಲೆ ಕಾಂಗರೂ ಬಾಲ ಬೇಯುತ್ತದೆ. ಪಟ್ಟಣದಲ್ಲಿ ಅನಾಥರಂತೆ ಇದ್ದವರಿಗೆ ಆ ಅಂಗಳ ಎಷ್ಟು ದೊಡ್ಡದು ಎಂಬುದನ್ನು ಯಾವ ರಕ್ತಪರೀಕ್ಷೆಯೂ ತೋರಿಸದು. ಊರಿನಲ್ಲಿ ಕುರ್ಚಿ ಇಲ್ಲದವರಿಗಾಗಿ ಪರ್ಪಲ್ ಟ್ರಕ್ ಇದೆ: ಯಂತ್ರ, ನೀರಿನ ಘಟಕ ಎಲ್ಲವನ್ನೂ ಹೊತ್ತ ಲಾರಿ. ಅಂತ್ಯಕ್ರಿಯೆ, ಹಬ್ಬ, ಊರಿನ ಕಾರ್ಯಗಳಿಗೆ ಜನ ಹೋಗಿ ಒಂದೆರಡು ವಾರ ಇದ್ದು ಬರಬಹುದು. ಲಾರಿಯ ದುರ್ಬಲ ಜಾಗ ದಾರಿಯೇ. ಗುಂಡಿ ತುಂಬಿದ ಮಣ್ಣುದಾರಿಯಲ್ಲಿ ಕುಲುಕಿ ಕುಲುಕಿ ಪೈಪುಗಳ ಜೋಡಣೆ ಸಡಿಲಾಗುತ್ತದೆ, ಧೂಳು ಒಳನುಗ್ಗುತ್ತದೆ. ಇಂಥ ಗಾಡಿ ಊರು ತಲುಪಿದ ದಿನವೇ ಡಯಾಲಿಸಿಸ್ ಶುರುವಾಗುತ್ತದೆಂದು ಎಣಿಸದೆ, ನೀರಿನ ಪರೀಕ್ಷೆಗೆ ಸಮಯ ಇಟ್ಟುಕೊಂಡೇ ಹೊರಡಬೇಕು.

ಸಂಸ್ಥೆ ಬುಷ್ ಬಾಮ್ ಎಂಬ ಮುಲಾಮನ್ನೂ ತಯಾರಿಸಿ ಮಾರುತ್ತದೆ. ಇರ್ಮಂಕ-ಇರ್ಮಂಕ ಎಂಬ ಮರುಭೂಮಿಯ ಗಿಡದ ಎಲೆಯಿಂದ ಮಾಡಿದ್ದು ಅದರಲ್ಲಿ ಹೆಸರುವಾಸಿ. ನೋವಿಗೆ, ಒಣಚರ್ಮಕ್ಕೆ ಹಚ್ಚಿಕೊಳ್ಳುತ್ತಾರೆ. ಡಯಾಲಿಸಿಸ್‌ನವರಿಗೆ ಮೈತುರಿಕೆ ಹೆಚ್ಚು, ಹಾಗಾಗಿ ಅಲ್ಲಿ ಇದಕ್ಕೆ ಬೆಲೆಯಿದೆ. ಕಿಡ್ನಿಗೆ ಔಷಧಿ ಎಂದು ತಿಳಿದು ಕೊಳ್ಳಬೇಡಿ. ಸೂಜಿ ಚುಚ್ಚುವ ಜಾಗಕ್ಕೆ ಎಣ್ಣೆಯ ಮುಲಾಮು ತಾಗಿಸಲೂಬಾರದು.

ಹಣದ ಮೂಲದಲ್ಲಿ 2018 ದೊಡ್ಡ ತಿರುವು. ಅಲ್ಲಿಯತನಕ ಚಿತ್ರದ ಹಣ, ದಾನ, ಕೆಲವು ಕಡೆ ಊರಿನವರೇ ಕೊಟ್ಟ ಗಣಿ ರಾಯಧನ, ಹೀಗೆ ಜೋಡಿಸಿಕೊಂಡು ನಡೆದದ್ದು. ಆ ನವೆಂಬರ್‌ನಿಂದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪಟ್ಟಿಗೆ 13105 ಎಂಬ ಬಾಬ್ತು ಸೇರಿತು. ಅತಿ ದೂರದ ಊರಿನಲ್ಲಿ ನರ್ಸ್, ಅಬಾರಿಜಿನಲ್ ಆರೋಗ್ಯ ಕಾರ್ಯಕರ್ತರು ಡಯಾಲಿಸಿಸ್ ಮಾಡಿದರೆ ಸರದಿಗೆ ಇಷ್ಟೆಂದು ಸರ್ಕಾರ ಕೊಡುತ್ತದೆ. ರೋಗಿಯನ್ನು ಕಿಡ್ನಿ ತಜ್ಞರು ಮೂರರಿಂದ ಆರು ತಿಂಗಳಿಗೊಮ್ಮೆ, ಎದುರಿಗೋ ವೀಡಿಯೊದಲ್ಲೋ, ನೋಡಿರಬೇಕು. ಇದರಲ್ಲೊಂದು ತೊಡಕಿದೆ: ಹಣ ಬರುವುದು ನಡೆದ ಸರದಿಗೆ. ಸಾವಿನ ಸೂತಕಕ್ಕೆ ಇಡೀ ಊರೇ ಖಾಲಿಯಾದ ವಾರ ಕುರ್ಚಿ ಖಾಲಿ, ನರ್ಸ್‌ಗೆ ಮಾತ್ರ ಸಂಬಳ ಕೊಡಲೇಬೇಕು.

ಈ ಸೇವೆಯಿಂದ ಆಗದ ಕೆಲಸವನ್ನೂ ಹೇಳದೆ ಬಿಟ್ಟರೆ ಓದುಗರಿಗೆ ಮೋಸ. ಡಯಾಲಿಸಿಸ್ ಕೊನೆಯ ಮೆಟ್ಟಿಲು. ದೂರದ ಊರುಗಳ ಅಬಾರಿಜಿನಲ್ ಜನರಲ್ಲಿ ಕಿಡ್ನಿ ಸೋಲುವುದು ದೇಶದ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಅದೂ ಚಿಕ್ಕ ವಯಸ್ಸಿನಲ್ಲೇ. ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಿಡ್ನಿಯಲ್ಲಿ ಸೋಸುವ ಘಟಕಗಳೇ ಕಡಿಮೆ. ಅದರ ಮೇಲೆ ಕಜ್ಜಿ ಕೆರೆದು ಸ್ಟ್ರೆಪ್ಟೊಕಾಕಸ್ ಸೋಂಕು, ಅದರಿಂದ ಕಿಡ್ನಿಯ ಉರಿಯೂತ, ಆಮೇಲೆ ಇಪ್ಪತ್ತು ಮೂವತ್ತರಲ್ಲೇ ಸಕ್ಕರೆ ಕಾಯಿಲೆ. ಮಧ್ಯ ಆಸ್ಟ್ರೇಲಿಯಾದ ಙನಂಪ ಆರೋಗ್ಯ ಮಂಡಳಿಯ 1987ರ ವರದಿ ಆರೋಗ್ಯದಿಂದ ಬದುಕಲು ಬೇಕಾದ ಒಂಬತ್ತು ಅಂಶಗಳನ್ನು ಪಟ್ಟಿ ಮಾಡಿತ್ತು. ಮೊದಲನೆಯದು ಜನ, ಅದರಲ್ಲೂ ಮಕ್ಕಳು, ಮೀಯಲು ಸಾಧ್ಯವಾಗಬೇಕು ಎಂಬುದು. ಕೆಲಸ ಮಾಡುವ ಶವರ್, ಬಿಸಿನೀರು, ನೀರು ಹೋಗುವ ಚರಂಡಿ. ಕಿಡ್ನಿ ಕಸಿಯಲ್ಲೂ ಅಂತರ ದೊಡ್ಡದು: ಕಾಯುವವರ ಪಟ್ಟಿಗೆ ಸೇರುವ ಅಬಾರಿಜಿನಲ್ ರೋಗಿಗಳೇ ಕಡಿಮೆ, ಅದಕ್ಕಾಗಿ 2019ರಲ್ಲಿ ಪ್ರತ್ಯೇಕ ಕಾರ್ಯಪಡೆ ರಚಿಸಬೇಕಾಯಿತು.

ಆಸ್ಟ್ರೇಲಿಯಾದಲ್ಲಿ ನರ್ಸ್ ಆಗಿರುವ ಕನ್ನಡಿಗರು ಬಹಳ ಜನ. ಇಂಥ ಊರಿಗೆ ಹೋಗುವ ಮನಸ್ಸಿದ್ದರೆ ಮೊದಲು ಡಯಾಲಿಸಿಸ್ ಘಟಕದಲ್ಲಿ ಪಳಗಿರಬೇಕು. ಕಷ್ಟದ ಫಿಸ್ಟುಲಾಗೆ ಒಬ್ಬರೇ ಚುಚ್ಚಲು ಬರಬೇಕು, ಯಂತ್ರದ ಅಲಾರಂಗಳ ಅರ್ಥ ಗೊತ್ತಿರಬೇಕು, ಆರ್‌ಓ ಘಟಕದ ಫಿಲ್ಟರ್ ಬದಲಿಸಲು ಹಿಂಜರಿಯಬಾರದು. ಮಣ್ಣುದಾರಿಯಲ್ಲಿ ಫೋರ್ ವೀಲ್ ಗಾಡಿ ಓಡಿಸಲು, ಟೈರು ಬದಲಿಸಲು ಕಲಿತಿರಿ. ಹೋಗುವುದಾದರೆ ಕೆಲವೇ ವಾರಕ್ಕೆ ಎಂದು ಹೋಗಬೇಡಿ, ಆರು ತಿಂಗಳಾದರೂ ಇರಿ. ಮೊದಲ ವಾರ ಹೆಚ್ಚು ಮಾತಾಡದೆ, ಯಾರ ಪಕ್ಕ ಯಾರು ಕೂರುತ್ತಾರೆ, ಯಾರು ಬಂದಾಗ ಯಾರು ಎದ್ದು ಹೊರಹೋಗುತ್ತಾರೆ ಎಂಬುದನ್ನು ನೋಡುತ್ತಿರಿ. ಸರದಿಯ ಪಟ್ಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ.